ಚಪ್ಪಲಿಗೆ ಹದಿನಾಲ್ಕು ದಿನ

ಸುಟ್ಟಗಾಯದ ವಾರ್ಡಿಗೆ ಬಂದು ಅರಚುವವರನ್ನು ಕಂಡರೆ ನನಗೆ ಹೆದರಿಕೆಯಿಲ್ಲ. ಅರಚಲಿ ಪಾಪ. ಅವರ ನರಗಳು ಬದುಕಿವೆ, ಚರ್ಮವೂ ಬದುಕುತ್ತದೆ. ಆದರೆ ಸುಟ್ಟ ಕೈಯನ್ನು ಮಡಿಲಲ್ಲಿ ಬೇರೆ ಯಾರದೋ ಸಾಮಾನಿನ ಹಾಗೆ ಇಟ್ಟುಕೊಂಡು ಕೂತು, "ಯಕ್ಕಾ, ಒಂಚೂರು ಚಾ ಸಿಗ್ತೈತಾ?" ಎಂದು ಕೇಳುವವರನ್ನು ಕಂಡರೆ ನನ್ನ ಜೀವ ಝಲ್ಲೆನ್ನುತ್ತದೆ.

ಮಾಬೂಬಿ ಹಾಗೆ ಕೇಳಿದ್ದು ಒಂದು ಮಂಗಳವಾರ, ಬೆಳಗಿನ ಹತ್ತು ಗಂಟೆಗೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಹದಿನೈದು ವರ್ಷದಿಂದ ಅಕ್ಕಿ ಹುರಿಯುವವಳು. ಕಾದ ಮರಳಿನ ಬಾಣಲೆಗೆ ಉಪ್ಪು ಹಾಕಿದ ಅಕ್ಕಿ ಸುರಿದು, ಅದು ಅರಳುವಷ್ಟರಲ್ಲಿ ಜರಡಿಗೆ ಎತ್ತಬೇಕು. ಒಂದು ಉಸಿರಿನ ಕೆಲಸ ಅದು. ಅವತ್ತು ಬಾಣಲೆಯ ಒಂದು ಹಿಡಿ ಮುರಿದು ವಾಲಿತು. ತಡೆಯಲು ಹೋದ ಬಲಗೈ ಮಣಿಕಟ್ಟಿನವರೆಗೆ ಮರಳಿನಲ್ಲಿ ಹೂತಿತು, ಮೇಲೆ ಬಾಣಲೆ ಕೂತಿತು. ಜೊತೆಯವರು ಎಳೆದು ಬಿಡಿಸುವಷ್ಟರಲ್ಲಿ ಹನ್ನೆರಡು ಎಣಿಸುವಷ್ಟು ಹೊತ್ತಾಗಿತ್ತು. ಆಮೇಲೆ ಅವರು ಯಾವತ್ತೂ ಮಾಡುವುದನ್ನೇ ಮಾಡಿದರು. ಪ್ರತಿ ಭಟ್ಟಿಯ ಗೋಡೆಗೂ ಒಂದು ಮೊಳೆ, ಮೊಳೆಗೊಂದು ಡಬ್ಬಿ, ಡಬ್ಬಿಯ ತುಂಬ ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ. ಅದನ್ನು ಕೈಗೆ ದಪ್ಪಗೆ ಮೆತ್ತಿ ಆಟೋ ಹತ್ತಿಸಿದರು.

"ಎಷ್ಟು ಸಲ ಬಡಕೊಂಡೀನಿ, ತಣ್ಣೀರು ಹಾಕ್ರಿ, ಬ್ಯಾರೆ ಏನೂ ಮೆತ್ತಬ್ಯಾಡ್ರಿ ಅಂತ?" ಎಂದು ನಾನು ಬೈದೆ.

"ನಮ್ಮಮ್ಮ ಹಚ್ತಿದ್ಲು, ನಿಮ್ಮವ್ವನೂ ಹಚ್ತಿದ್ಲು. ಈಗ ನೀನೊಬ್ಬಾಕಿ ದೊಡ್ಡ ಸಿಸ್ಟರ್ ಆದೆ ಅಂತ ಅರಿಶಿನ ಕೆಟ್ಟದ್ದಾಗಿಬಿಡ್ತಾ?" ಎಂದಳು ಮಾಬೂಬಿ.

ನಾನೂ ಅದೇ ಭಟ್ಟಿಸಾಲಿನಲ್ಲಿ ಹುಟ್ಟಿದವಳು. ಕೊಟ್ರಮ್ಮ ಸಿಸ್ಟರ್ ಎಂದು ಇಪ್ಪತ್ತಾರು ವರ್ಷದಿಂದ ಈ ವಾರ್ಡಿನಲ್ಲಿ ಹೆಸರು ಮಾಡಿದ್ದರೂ, ನನ್ನ ಎಡ ಮೊಣಕೈ ಮೇಲಿನ ಕಲೆ ಹಸಿ ಗಾಯವಾಗಿದ್ದಾಗ ಅವ್ವ ಹಚ್ಚಿದ್ದು ಆ ಡಬ್ಬಿಯ ಎಣ್ಣೆಯನ್ನೇ. ಮಾಬೂಬಿಯ ಕೈಯನ್ನು ಉಪ್ಪುನೀರಿನಲ್ಲಿ ತೊಳೆದೆ. ಎಣ್ಣೆ ಹೋಯಿತು. ಹಳದಿ ಹೋಗಲಿಲ್ಲ.

ಸುಟ್ಟಗಾಯವನ್ನು ಅಳೆಯುವುದು ಅದರ ಅಗಲದಿಂದ ಮಾತ್ರವಲ್ಲ, ಆಳದಿಂದಲೂ. ಬಿಸಿ ಹಂಚು ತಗುಲಿ ಕೆಂಪಾಗಿ ಉರಿದರೆ ಮೊದಲನೇ ದರ್ಜೆ. ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ಬೊಬ್ಬೆ ಎದ್ದು, ನೀರು ಸುರಿದು, ಗಾಳಿ ಸೋಕಿದರೂ ಜೀವ ಹೋಗುವಂತಾದರೆ ಎರಡನೆಯದು, ಮೇಲ್ಪದರದ್ದು; ಎರಡು ವಾರದಲ್ಲಿ ಅದೂ ತಾನಾಗಿ ಮಾಯುತ್ತದೆ. ಎರಡನೆಯದರಲ್ಲೇ ಇನ್ನೂ ಆಳಕ್ಕಿಳಿದದ್ದಿದೆ, ಅಲ್ಲಲ್ಲಿ ಬಿಳಿ, ಅಲ್ಲಲ್ಲಿ ಕೆಂಪು, ನೋವು ಮಂಕು. ಮೂರನೆಯದು ಚರ್ಮದ ಪೂರ್ತಿ ದಪ್ಪವನ್ನೂ ಸುಟ್ಟಿರುತ್ತದೆ. ನೋವನ್ನು ಹೊತ್ತೊಯ್ಯುವ ನರಗಳೇ ಸತ್ತಿರುವುದರಿಂದ ನೋವೂ ಇಲ್ಲ. ಸತ್ತದ್ದನ್ನು ಬೇಗ ತೆಗೆದು ಹೊಸ ಚರ್ಮ ಹೊದಿಸದಿದ್ದರೆ ಕೀವಾಗುತ್ತದೆ, ಬೆರಳುಗಳು ಮಡಚಿ ಅಂಗೈಗೆ ಅಂಟುತ್ತವೆ. ನನಗೆ ಕಲಿಸಿದ ಹಿರಿಯ ಸಿಸ್ಟರ್ ಒಂದೇ ಮಾತು ಹೇಳುತ್ತಿದ್ದರು: ಸುಮ್ಮನಿರೋರನ್ನ ಮೊದಲು ನೋಡು.

ಈಗ ನೋಡುವುದು ನಮ್ಮ ಕೆಲಸವಲ್ಲ. ಮೂರು ವರ್ಷದ ಹಿಂದೆ ಯಂತ್ರ ಬಂತು. ಸರ್ಕಾರಿ ಹೆಸರು ತ್ವಚಾದರ್ಶಿ. ವಾರ್ಡಿನಲ್ಲಿ ನಾವಿಟ್ಟ ಹೆಸರು ಜೋಯಿಸ, ಯಾಕೆಂದರೆ ಅದು ಹೇಳಿದ್ದೇ ಹಣೆಬರಹ. ಜೀವಂತ ಚರ್ಮದ ಮೇಲೆ ನೇರಳೆ ಬೆಳಕು ಬಿಟ್ಟರೆ ಅದು ಕಣ್ಣಿಗೆ ಕಾಣದಷ್ಟು ನಸುವಾಗಿ ಮಿನುಗುತ್ತದಂತೆ. ಸತ್ತ ಚರ್ಮ ಮಿನುಗುವುದಿಲ್ಲ. ಜೋಯಿಸ ಆ ಮಿನುಗನ್ನು ಅಳೆದು ಮೂರು ನಿಮಿಷದಲ್ಲಿ ದರ್ಜೆ ಹೇಳುತ್ತಾನೆ. ಮೂರನೇ ದರ್ಜೆ ಎಂದರೆ ರಾಜಧಾನಿಯ ಚರ್ಮ ಕೇಂದ್ರದಿಂದ ಹಾರುವ ಪೆಟ್ಟಿಗೆಯಲ್ಲಿ ಬೆಳೆಸಿದ ಚರ್ಮದ ಹಾಳೆಗಳು ತಾವಾಗಿ ಹೊರಡುತ್ತವೆ. ದುಂಡಗೆ, ತೆಳ್ಳಗೆ, ಆಚೆ ಬದಿ ಕಾಣುವಂತಿರುವ ಆ ಹಾಳೆಗಳಿಗೆ ನಾವು ಹಪ್ಪಳ ಎನ್ನುತ್ತೇವೆ. ಯಂತ್ರ ಮೂರನೇ ದರ್ಜೆ ಎನ್ನದಿದ್ದರೆ ಹಪ್ಪಳವಿಲ್ಲ, ಆಪರೇಷನ್ ಥಿಯೇಟರಿನ ಪಟ್ಟಿಯಲ್ಲಿ ಹೆಸರೂ ಇಲ್ಲ.

ಮಾಬೂಬಿಯ ಕೈಯನ್ನು ಬೆಳಕಿನ ಕೆಳಗಿಟ್ಟೆ. ಮೂರು ನಿಮಿಷಕ್ಕೆ ಪರದೆಯ ಮೇಲೆ ಬಂತು: ಎರಡನೇ ದರ್ಜೆ, ಮೇಲ್ಪದರ. ಹದಿನಾಲ್ಕು ದಿನಗಳಲ್ಲಿ ತಾನಾಗಿ ವಾಸಿ. ಮುಲಾಮು ಕೊಟ್ಟು ಮನೆಗೆ ಕಳುಹಿಸಿ.

"ಒಳ್ಳೇದಾಯ್ತಲ್ಲ ಸಿಸ್ಟರ್," ಎಂದರು ಡಾಕ್ಟರ್ ಸಂಕೇತ್. ಮೈಸೂರು ಕಡೆಯ ಹುಡುಗ, ನಮ್ಮ ವಾರ್ಡಿಗೆ ಬಂದು ಎಂಟು ತಿಂಗಳು. ಕೈ ಚುರುಕು, ಗುಂಡಿಗೆ ಮಾತ್ರ ಇನ್ನೂ ಎಳೆಯದು.

ನಾನು ಹೊಸ ಸೂಜಿಯೊಂದರ ಪೊಟ್ಟಣ ಹರಿದೆ. ಸೂಜಿ ಚುಚ್ಚಿ ನೋಡುವುದನ್ನು ಯಂತ್ರ ಬಂದ ವರ್ಷವೇ ನಿಲ್ಲಿಸಿದ್ದರು, ರೋಗಿಗೆ ಅನಗತ್ಯ ಹಿಂಸೆ ಎಂದು. "ಮಾಬೂಬಿ, ಆ ಕಡೆ ಮಕ ಮಾಡು. ಚುಚ್ಚಿದಾಗ ಹೇಳು."

ಹೆಬ್ಬೆರಳಿಗೆ ಚುಚ್ಚಿದೆ. ಅಂಗೈಗೆ ಚುಚ್ಚಿದೆ. ಕಿರುಬೆರಳಿನ ಬುಡಕ್ಕೆ ಚುಚ್ಚಿದೆ. ಒಂದು ಹನಿ ರಕ್ತ ಬರಲಿಲ್ಲ.

"ಚುಚ್ಚಕ್ಕಾ, ಯಾವಾಗ ಚುಚ್ತೀಯ?" ಎಂದಳು ಅವಳು ಗೋಡೆ ನೋಡುತ್ತಾ.

ಸಂಕೇತ್ ಮುಖ ಬಿಳಿಚಿಕೊಂಡಿತು. ನಾನು ಕೇಂದ್ರಕ್ಕೆ ಕರೆ ಹಚ್ಚಿದೆ. ಪರದೆಯ ಮೇಲೆ ಬಂದವರು ಡಾಕ್ಟರ್ ಅನಘಾ, ದರ್ಜೆಗಳ ಮೇಲ್ವಿಚಾರಕಿ, ಈ ನಿಯಮಗಳನ್ನು ಬರೆದವರು. ಅವರ ಹಿಂದೆ ಗೋಡೆಯಷ್ಟು ದೊಡ್ಡ ನಕಾಶೆ. ಯಾವ ಊರಿಗೆ ಎಷ್ಟು ಹಾಳೆ ಹಾರುತ್ತಿದೆ ಎಂದು ಚುಕ್ಕಿಗಳು ಓಡಾಡುತ್ತಿದ್ದವು.

"ಸಿಸ್ಟರ್, ಸೂಜಿ ಪರೀಕ್ಷೆ ನಿಯಮದಲ್ಲಿಲ್ಲ. ದರ್ಜೆ ಬದಲಾಯಿಸೋ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ. ಇಪ್ಪತ್ತನಾಲ್ಕು ಗಂಟೆ ಆದ್ಮೇಲೆ ಒಂದು ಮರುಪರೀಕ್ಷೆ ಮಾಡಬಹುದು. ಅದೇ ಕೊನೆ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರಿ ಮೇಡಂ? ಇಲ್ಲಿ ಕಣ್ಣೆದುರಿಗೆ ಕೈ ಸತ್ತು ಬಿದ್ದೈತೆ!"

ಅವರು ಸಿಟ್ಟಾಗಲಿಲ್ಲ. ಆದರೆ ದನಿ ಗಟ್ಟಿಯಾಯಿತು. "ಯಂತ್ರ ಬರೋ ಮುಂಚೆ ದರ್ಜೆ ಬರೀತಿದ್ದಿದ್ದು ಮನುಷ್ಯರೇ. ಯಾರದೋ ಭಾವಮೈದುನನ ಕಾಲಿಗೆ ಚಹಾ ಚೆಲ್ಲಿದ್ರೆ ಮೂರನೇ ದರ್ಜೆ ಅಂತ ಬರೆದು ಹಾಳೆ ತರಿಸ್ಕೊಂಡ್ರು. ಅದೇ ವಾರ ಹಾಳೆ ಸಿಗದೆ ನನ್ನ ಕಣ್ಣೆದುರಿಗೇ ಆರು ವರ್ಷದ ಮಗು ಹೋಯ್ತು. ಅವತ್ತೇ ತೀರ್ಮಾನ ಮಾಡ್ದೆ, ಇದರಲ್ಲಿ ಮನುಷ್ಯರ ಕೈ ಬೇಡ ಅಂತ."

ಆಕೆ ಹೇಳಿದ್ದು ನಿಜ, ಅಂಥ ಭಾವಮೈದುನರನ್ನು ನಾನೂ ಕಂಡಿದ್ದೇನೆ. ಆದರೆ ಮಾಬೂಬಿಯನ್ನು ಮನೆಗೆ ಕಳುಹಿಸಲಿಲ್ಲ. ಮರುಪರೀಕ್ಷೆಗೆ ಕಾಯುತ್ತಿದ್ದಾಳೆ ಎಂದು ಬರೆದು ಮೂರನೇ ಮಂಚ ಕೊಟ್ಟೆ.

ಹಾಗೆ ಹಟ ಹಿಡಿಯಲು ಕಾರಣವಿತ್ತು. ಯಂತ್ರ ಬಂದ ಹೊಸದರಲ್ಲಿ ಕೆಂಚಮ್ಮ ಎನ್ನುವವಳು ಬಂದಿದ್ದಳು, ಅದೇ ಭಟ್ಟಿಸಾಲಿನವಳು. ಅವಳೂ ಅರಚಲಿಲ್ಲ. ಜೋಯಿಸ ಅವಳಿಗೂ ಹದಿನಾಲ್ಕು ದಿನ ಎಂದ, ನಾನು ಬಿಡುಗಡೆ ಚೀಟಿಗೆ ಸಹಿ ಹಾಕಿದೆ. ಎರಡು ತಿಂಗಳ ನಂತರ ನಾಲ್ಕು ಬೆರಳು ಅಂಗೈಗೆ ಅಂಟಿಕೊಂಡು ಬಂದಳು. ಗಾಯ ನೋಡಿಕೊಳ್ಳಲಿಲ್ಲ, ಕೊಳಕು ಮಾಡಿಕೊಂಡಿದ್ದಾಳೆ ಎಂದು ಕೇಂದ್ರ ಬರೆಯಿತು. ಅವ್ವನಿಗೆ ಇನ್ನು ಜಡೆ ಹಾಕಲು ಆಗುವುದಿಲ್ಲವೆಂದು ಅವಳ ಮಗಳು ಮೊಳಕಾಲು ಮುಟ್ಟುತ್ತಿದ್ದ ಕೂದಲನ್ನು ಕತ್ತರಿಸಿಕೊಂಡಳು. ಆ ಹುಡುಗಿ ಎದುರಿಗೆ ಸಿಕ್ಕರೆ ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದೆ.

ಅವತ್ತು ಸಂಜೆ ಐದಕ್ಕೆ ಮನೆಗೆ ಬಂದೆ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಗಳು ನಿಹಾರಿಕಾ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಸಿಟ್ಟು ಬಂದಾಗ ನನಗೆ ಕೈ ಸುಮ್ಮನಿರುವುದಿಲ್ಲ. ಅಡುಗೆಮನೆಗೆ ನುಗ್ಗಿ, ಮಂಡಕ್ಕಿ ನೆನೆಹಾಕಿ, ಹಸಿಮೆಣಸಿನಕಾಯಿ ಕೊಚ್ಚಿ, ಅರಿಶಿನ ಹಾಕಿ ಒಗ್ಗರಣೆ ಕಲಸಿದೆ. ಕೈಯಲ್ಲೇ ಕಲಸಿದೆ, ಚಮಚದಲ್ಲಿ ಕಲಸಿದರೆ ಅದೇನು ಮಂಡಕ್ಕಿ?

"ಅಮ್ಮಾ, ಬಾ ಇಲ್ಲಿ, ಈ ಡಬ್ಬಿ ಒಂಚೂರು ಹಿಡ್ಕೋ!" ಎಂದು ನಿಹಾರಿಕಾ ಕೂಗಿದಳು.

ಉಗುರಿನ ಬಣ್ಣ ಗಟ್ಟಿಯಾಗಲು ಅವಳ ಹತ್ತಿರ ಒಂದು ಪುಟ್ಟ ದೀಪದ ಪೆಟ್ಟಿಗೆಯಿದೆ. ಒಳಗೆ ನೇರಳೆ ಬೆಳಕು, ಬೆರಳು ತೂರಿಸಿದರೆ ಎರಡು ನಿಮಿಷಕ್ಕೆ ಬಣ್ಣ ಒಣಗುತ್ತದೆ. ಮೇಜಿನಿಂದ ಜಾರುತ್ತಿದ್ದ ಅದನ್ನು ಹಿಡಿಯಲು ನನ್ನ ಕೈ ಒಳಗೆ ಹೋಯಿತು.

ನನ್ನ ಮೂರು ಬೆರಳು ಹಸಿರು ಹಳದಿಯಾಗಿ ಉರಿದವು.

ಉಳಿದ ಎರಡು ಬೆರಳು ಕಪ್ಪಗೆ ಸುಮ್ಮನಿದ್ದವು. ಅರಿಶಿನ ಹತ್ತಿದ ಮೂರು ಮಾತ್ರ ಮಿಂಚುಹುಳದ ಹಾಗೆ ಬೆಳಗುತ್ತಿದ್ದವು. ನಾನು ಅಡುಗೆಮನೆಗೆ ಓಡಿದೆ. ಸ್ಟೀಲ್ ಚಮಚಕ್ಕೆ ಅರಿಶಿನದೆಣ್ಣೆ ಬಳಿದು ತಂದು ಪೆಟ್ಟಿಗೆಯೊಳಗೆ ತೂರಿಸಿದೆ. ಚಮಚಕ್ಕೂ ಜೀವ ಬಂದಿತ್ತು.

"ಅಯ್ಯೋ ಅಮ್ಮಾ, ಕಸ್ಟಮರ್ ಮುಂದೆ ಇದೇನ್ ಆಟ?" ಎಂದಳು ನಿಹಾರಿಕಾ.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ!" ಎಂದು ಕೂಗಿದೆ. ಕುರ್ಚಿಯಲ್ಲಿದ್ದ ಹುಡುಗಿ ಹೆದರಿ ಬೆರಳು ಮಡಚಿಕೊಂಡಳು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಖುಷಿ ಒಂದು ಕ್ಷಣವೂ ಉಳಿಯಲಿಲ್ಲ. ಕೆಂಚಮ್ಮನ ಕೈಯೂ ಹಳದಿಯಾಗಿತ್ತು. ಅವಳ ನಂತರ ಭಟ್ಟಿಯಿಂದ ಬಂದ ಎಲ್ಲರ ಕೈಯೂ ಹಳದಿಯೇ. ಯಂತ್ರಕ್ಕೆ ಕಲಿಸಿದವರು ಎಲ್ಲೆಲ್ಲಿಯ ಚರ್ಮ ತೋರಿಸಿದ್ದರೋ, ಗೋಡೆಗೆ ಡಬ್ಬಿ ನೇತುಹಾಕಿಕೊಂಡವರದ್ದನ್ನು ತೋರಿಸಿರಲಿಲ್ಲ. ಸತ್ತ ಚರ್ಮದ ಮೇಲೆ ಕೂತ ಅರಿಶಿನದ ಹೊಳಪನ್ನು ಅದು ಮೂರು ವರ್ಷದಿಂದ ಜೀವ ಎಂದು ಓದುತ್ತಾ ಬಂದಿತ್ತು. ನಾನು ಮೂರು ವರ್ಷದಿಂದ ಸಹಿ ಹಾಕುತ್ತಾ ಬಂದಿದ್ದೆ.

ಅಲ್ಲಿಂದಲೇ ಅನಘಾ ಮೇಡಂಗೆ ಮತ್ತೆ ಕರೆ ಮಾಡಿದೆ. ಚಮಚ ತೋರಿಸಿದೆ. ಅವರು ಪರದೆಗೆ ಹತ್ತಿರ ಬಗ್ಗಿ ಅದನ್ನು ನೋಡಿದರು.

"ಬರವಣಿಗೆಯಲ್ಲಿ ಕಳಿಸಿ ಸಿಸ್ಟರ್. ತಿಂಗಳ ಕೊನೆಗೆ ಸಮಿತಿ ಕೂರುತ್ತೆ, ಪರಿಶೀಲಿಸ್ತೀವಿ."

"ತಿಂಗಳ ಕೊನೆಗೆ ಮಾಬೂಬಿ ಕೈ ಕೊಳೆತಿರ್ತೈತೆ. ನಾಳೆ ಬೆಳಿಗ್ಗೆ ಕೊನೇ ಪರೀಕ್ಷೆ. ಬಣ್ಣ ತಿಕ್ಕಿ ತೆಗೆಯಕ್ಕೆ ಹೋದ್ರೆ ಗಾಯ ಇನ್ನೂ ಕೆಡ್ತೈತೆ. ಏನ್ ಮಾಡ್ಲಿ ಹೇಳ್ರಿ?"

"ನಿಯಮ ಮುರಿಯೋದಕ್ಕೆ ನಾನು ಹೇಳಕ್ಕಾಗಲ್ಲ," ಎಂದರು ಅನಘಾ. ಹಾಗೆ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ. ಇಲ್ಲಿ ಪೂಜಾರಿಗೂ ಮನಸ್ಸಿತ್ತು, ಕೈ ಕಟ್ಟಿತ್ತು. ಆ ಕಟ್ಟನ್ನು ಬಿಗಿದವರೂ ಅವರೇ.

ಬುಧವಾರ ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ನನಗೆ ಹೊಳೆಯಿತು. ದಸರೆಗೆ ನಿಹಾರಿಕಾ ತಂದುಕೊಟ್ಟ ತೊಗಲಿನ ಚಪ್ಪಲಿ, ತಿಳಿ ಕಂದು ಬಣ್ಣದ್ದು. ತೊಗಲು ಎಂದರೇನು? ಚರ್ಮವೇ ಅಲ್ಲವೇ, ಸಂಪೂರ್ಣ ಸತ್ತದ್ದು! ಕಳಚಿ, ಎರಡನ್ನೂ ಸ್ಪಿರಿಟ್ ಹಾಕಿ ಒರೆಸಿ, ಚೀಲದಲ್ಲಿಟ್ಟುಕೊಂಡು, ಹಳೆಯ ರಬ್ಬರ್ ಚಪ್ಪಲಿ ಮೆಟ್ಟಿ ಹೊರಟೆ.

ಪರೀಕ್ಷೆಯ ಕೋಣೆಯಲ್ಲಿ ಮೂವರೇ ಇದ್ದೆವು: ಮಾಬೂಬಿ, ಸಂಕೇತ್, ನಾನು. ಹೊಸಬರಿಗೆ ಕಲಿಸಲೆಂದು ಯಂತ್ರಕ್ಕೆ ಅಭ್ಯಾಸದ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಫಲಿತಾಂಶ ಕೇಂದ್ರಕ್ಕೆ ಹೋಗುವುದಿಲ್ಲ. ಒತ್ತಿದೆ. ಎಡಗಾಲಿನ ಚಪ್ಪಲಿಗೆ ಅರಿಶಿನದೆಣ್ಣೆ ಬಳಿದು, ಒರೆಸಿ, ಬೆಳಕಿನ ಕೆಳಗಿಟ್ಟೆ.

"ಸಿಸ್ಟರ್, ಏನ್ ಮಾಡ್ತಿದ್ದೀರಾ?" ಎಂದು ಸಂಕೇತ್ ಗಾಬರಿಯಾದರು.

ಮೂರು ನಿಮಿಷಕ್ಕೆ ಪರದೆಯ ಮೇಲೆ ಬಂತು: ಎರಡನೇ ದರ್ಜೆ, ಮೇಲ್ಪದರ. ಹದಿನಾಲ್ಕು ದಿನಗಳಲ್ಲಿ ತಾನಾಗಿ ವಾಸಿ.

ಸಂಕೇತ್ ನಕ್ಕರು. ನಗು ಅರ್ಧಕ್ಕೆ ನಿಂತು ಬಾಯಿ ಹಾಗೇ ತೆರೆದಿತ್ತು. ನಾನು ಚಪ್ಪಲಿ ಎತ್ತಿ ಹಿಡಿದೆ. "ನೋಡ್ರಿ ಡಾಕ್ಟ್ರೇ. ಹದಿನಾಲ್ಕು ದಿನ ಬಿಟ್ರೆ ಈ ಎಮ್ಮೆ ಎದ್ದು ಹುಲ್ಲು ಮೇಯ್ತೈತಂತೆ!"

ಆಮೇಲೆ ಬಲಗಾಲಿನದ್ದನ್ನು, ಅರಿಶಿನ ಮುಟ್ಟಿಸದೆ, ಇಟ್ಟೆ. ಪರದೆ ಕೆಂಪಾಯಿತು. ಮೂರನೇ ದರ್ಜೆ, ಪೂರ್ಣ ಆಳ. ತುರ್ತು ಶಸ್ತ್ರಚಿಕಿತ್ಸೆ.

"ಅಭ್ಯಾಸ ಮುಗೀತು," ಎಂದೆ. "ಈಗ ಮಾಬೂಬಿ ಹೆಸರಲ್ಲಿ ನಿಜವಾದ ಮರುಪರೀಕ್ಷೆ. ಬೆಳಕಿನ ಕೆಳಗೆ ಇದೇ ಬಲಗಾಲಿನ ಚಪ್ಪಲಿ. ಶುರು ಮಾಡಕ್ಕೆ ನಿಮ್ಮ ಹೆಬ್ಬೆರಳು ಬೇಕು ಡಾಕ್ಟ್ರೇ."

ಅವರು ಕೈಯನ್ನು ಜೇಬಿನೊಳಗೆ ಇಟ್ಟುಕೊಂಡರು. "ಇದು ಮೋಸ ಸಿಸ್ಟರ್. ಗೊತ್ತಾದ್ರೆ ನನ್ನ ನೋಂದಣಿ ಹೋಗುತ್ತೆ."

"ಗೊತ್ತಾಗ್ಲಿ ಅಂತಾನೇ ಮಾಡೋದು. ಮುಚ್ಚಿಟ್ರೆ ಮೋಸ. ನಾನು ಪುಸ್ತಕದಲ್ಲಿ ಬರೀತೀನಿ, ಹೆಸರು ಹಾಕ್ತೀನಿ."

ಮಾಬೂಬಿ ನಕ್ಕಳು. "ನನ್ನ ಕೈಗಿಂತ ನಿನ್ನ ಚಪ್ಲೀನೇ ಮೇಲಾತಲ್ಲಕ್ಕಾ. ಯಂತ್ರ ಅದರ ಮಾತು ಕೇಳ್ತೈತೆ." ಆಮೇಲೆ ನಗು ಹೋಯಿತು. ಸಂಕೇತ್ ಕಡೆ ತಿರುಗಿದಳು. "ಡಾಕ್ಟ್ರೇ, ನನಗೆ ನೋವಿಲ್ಲ, ಅದಕ್ಕೆ ನಾ ಅಳ್ತಿಲ್ಲ. ಹೆದರಿಕೆ ಐತೆ. ಕೆಂಚಮ್ಮನ ಕೈ ದಿನಾ ನೋಡ್ತೀನಿ ನಾನು. ಆಕಿ ಸೆರಗಿನೊಳಗೆ ಮುಚ್ಕೊಂಡು ಊಟ ಮಾಡ್ತಾಳೆ. ನನ್ನ ಹಂಗ್ ಮಾಡಬ್ಯಾಡ್ರಿ."

ಸಂಕೇತ್ ಅವಳ ಹತ್ತಿರ ಹೋದರು. ನಿನ್ನೆಯ ಸೂಜಿಯ ಮೂರು ಗುರುತನ್ನು ಬಗ್ಗಿ ನೋಡಿದರು. ತಾವೇ ಹೊಸ ಸೂಜಿ ತೆಗೆದು ನಾಲ್ಕನೆಯ ಸಲ ಚುಚ್ಚಿದರು. ಮಾಬೂಬಿ ಅವರ ಮುಖವನ್ನೇ ನೋಡುತ್ತಿದ್ದಳು, ರೆಪ್ಪೆ ಅಲುಗಲಿಲ್ಲ. ಅವರು ಯಂತ್ರದ ಬಳಿ ಬಂದು ಹೆಬ್ಬೆರಳು ಒತ್ತಿದರು.

ಬಲಗೈ ಎಂಬ ಚೌಕದಲ್ಲಿ ನನ್ನ ಬಲಗಾಲಿನ ಚಪ್ಪಲಿ ಮಲಗಿತು. ಮೂರು ನಿಮಿಷ. ನನಗೆ ತಿಳಿದ ದೇವರನ್ನೆಲ್ಲ ಕರೆದೆ, ತಿಳಿಯದವರನ್ನೂ ಕರೆದೆ. ಪರದೆ ಕೆಂಪಾಯಿತು. ಕೆಳಗೆ ಒಂದು ಸಾಲು ಮೂಡಿತು: ಹಾಳೆಗಳು ಹೊರಟಿವೆ.

ಆಗಲೇ ದಾಖಲೆ ಪುಸ್ತಕ ತೆರೆದು ಬರೆದೆ. "ಬಲಗೈ ಎಂದು ಯಂತ್ರಕ್ಕೆ ತೋರಿಸಿದ್ದು ನನ್ನ ಬಲಗಾಲಿನ ಚಪ್ಪಲಿ. ಅರಿಶಿನ ಹಚ್ಚಿದ ಸತ್ತ ಚರ್ಮವನ್ನು ಯಂತ್ರ ಜೀವಂತ ಎಂದು ಓದುತ್ತದೆ. ಸೂಜಿ ನಾಲ್ಕು ಕಡೆ ಚುಚ್ಚಿದರೂ ರೋಗಿಗೆ ತಿಳಿದಿಲ್ಲ. ಇದು ನನ್ನ ನಿರ್ಧಾರ. ಕೊಟ್ರಮ್ಮ." ಅದರ ಕೆಳಗೆ ಸಂಕೇತ್, ಕೇಳದೆಯೇ, ತಮ್ಮ ಹೆಸರನ್ನೂ ಬರೆದರು. ಇಬ್ಬರೂ ಸೇರಿ ಆ ಹಾಳೆಯ ಚಿತ್ರ ತೆಗೆದು ಕೇಂದ್ರಕ್ಕೆ ಕಳುಹಿಸಿದೆವು.

ಮಧ್ಯಾಹ್ನ ಒಂದು ಗಂಟೆಗೆ ಹಾರುವ ಪೆಟ್ಟಿಗೆ ಆಸ್ಪತ್ರೆಯ ಮಾಳಿಗೆ ಮೇಲೆ ಇಳಿಯಿತು. ನಡುದಾರಿಯಿಂದ ಹಿಂದಕ್ಕೆ ಕರೆಸಿಕೊಳ್ಳುವ ಅಧಿಕಾರ ಅನಘಾಗೆ ಇತ್ತು. ಕರೆಸಿಕೊಳ್ಳಲಿಲ್ಲ. ಥಿಯೇಟರಿನಲ್ಲಿ ಸಂಕೇತ್ ಸತ್ತ ಚರ್ಮವನ್ನು ಪದರ ಪದರವಾಗಿ ಕೆರೆದರು. ಹಳದಿಯ ಕೆಳಗೆ ಮೇಣದ ಬಿಳಿ, ಅದರ ಕೆಳಗೂ ಬಿಳಿ. ಕೊನೆಗೊಂದು ಕಡೆ ಕೆಂಪು ಹನಿ ಜಿನುಗಿದಾಗ "ಬಂತು" ಎಂದು ಪಿಸುಗುಟ್ಟಿದರು. ಅಲ್ಲಿಯ ಮೇಲೆ ಒಂದೊಂದೇ ಹಪ್ಪಳ ಹಾಸಿದೆವು. ಬೆರಳಿಗೆ ಬೆರಳು ಅಂಟದಂತೆ ನಡುವೆ ಬಟ್ಟೆ ಇಟ್ಟು ನಾನೇ ಕಟ್ಟು ಕಟ್ಟಿದೆ.

ನಾಲ್ಕು ತಿಂಗಳ ನಂತರ ವಿಚಾರಣೆಗೆ ಕರೆ ಬಂತು. ಅಷ್ಟರಲ್ಲಿ ನನ್ನನ್ನು ಅಮಾನತಿನಲ್ಲಿಟ್ಟಿದ್ದರು, ಸಂಕೇತ್‌ಗೆ ನೋಟಿಸು ಬಂದಿತ್ತು. ರಾಜಧಾನಿಯ ಕೇಂದ್ರದಲ್ಲಿ ಉದ್ದನೆಯ ಮೇಜು, ಆಚೆ ಮೂವರು: ಅಧ್ಯಕ್ಷರು, ಒಬ್ಬ ಕಾನೂನಿನವರು, ಅನಘಾ. ಮೇಜಿನ ನಡುವೆ, ಮೊಹರು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಚಪ್ಪಲಿ ಜೋಡಿ. ಬೇಕೆಂದೇ ಬೇರೆ ಮೆಟ್ಟಿಕೊಳ್ಳದೆ ಬರಿಗಾಲಲ್ಲಿ ಹೋಗಿದ್ದೆ.

"ಇದು ನಿಮ್ಮದೇನಾ?" ಎಂದು ಅಧ್ಯಕ್ಷರು ಕೇಳಿದರು.

"ನನ್ನವೇ. ಎಡಗಾಲಿಂದು ವಾಸಿ ಆತೇನ್ರಿ? ಹದಿನಾಲ್ಕು ದಿನ ಯಾವಾಗ್ಲೋ ಕಳೀತು."

ಕಾನೂನಿನವರು ಕೆಮ್ಮಿದರು. ಅಧ್ಯಕ್ಷರು ಕಾಗದವೊಂದನ್ನು ನನ್ನ ಕಡೆ ತಳ್ಳಿದರು. "ತಪ್ಪಾಯ್ತು ಅಂತ ಬರೆದುಕೊಡಿ. ಎಚ್ಚರಿಕೆ ಕೊಟ್ಟು ಮತ್ತೆ ಕೆಲಸಕ್ಕೆ ತಗೋತೀವಿ. ರೋಗಿಯ ಕೈ ಉಳಿದಿದೆ, ಆ ವಿಷಯ ಗಮನದಲ್ಲಿದೆ."

"ತಪ್ಪಾಗೈತೆ, ಬರೀತೀನಿ. ಆದ್ರೆ ಇದಕ್ಕಲ್ಲ," ಎಂದೆ. ಆ ಕಾಗದದ ಮೇಲೆ ಕೆಂಚಮ್ಮ ಎಂದು ಬರೆದೆ. ಅದರ ಕೆಳಗೆ ಇನ್ನೂ ಹತ್ತು ಹೆಸರು. ಎಲ್ಲರೂ ಭಟ್ಟಿಸಾಲಿನವರು, ಎಲ್ಲರಿಗೂ ಹದಿನಾಲ್ಕು ದಿನ. ನಾಲ್ಕು ತಿಂಗಳ ಅಮಾನತಿನಲ್ಲಿ ಮನೆ ಮನೆ ತಿರುಗಿ ಹುಡುಕಿದ್ದೆ. "ಈ ಹನ್ನೊಂದು ಕೈಗಳಿಗೆ ಯಂತ್ರ ಹೇಳಿದ್ದನ್ನ ನಂಬಿ ನಾನು ಸಹಿ ಹಾಕೀನಿ. ಸೂಜಿ ನನ್ನ ಹತ್ರಾನೇ ಇತ್ತು, ಚುಚ್ಚಿ ನೋಡ್ಲಿಲ್ಲ. ಅದು ತಪ್ಪು. ಅದಕ್ಕೆ ಏನ್ ಶಿಕ್ಷೆ ಕೊಡ್ತೀರೋ ಕೊಡ್ರಿ. ಚಪ್ಪಲಿಗೆ ಮಾತ್ರ ಕ್ಷಮೆ ಕೇಳಲ್ಲ. ಮತ್ತೆ ಅಂಥ ಕೈ ಬಂದ್ರೆ ಮತ್ತೆ ಇಡ್ತೀನಿ."

ಸಾಕ್ಷಿಯನ್ನು ಕರೆಯಿರಿ ಎಂದರು ಅಧ್ಯಕ್ಷರು. ಮಾಬೂಬಿ ಒಳಗೆ ಬಂದಳು, ಹಸಿರು ಸೀರೆ, ಎರಡೂ ಕೈಗೆ ಬಳೆ. ನಡೆದದ್ದನ್ನೆಲ್ಲ ಹೇಳಿದಳು. ಕೊನೆಗೆ ಹೇಳಿಕೆಗೆ ಹೆಬ್ಬೆಟ್ಟು ಒತ್ತಬೇಕಿತ್ತು. ಮೇಜಿನ ಮೇಲಿನ ಪುಟ್ಟ ಯಂತ್ರಕ್ಕೆ ಬಲಗೈ ಹೆಬ್ಬೆರಳು ಒತ್ತಿದಳು. ಅದು ಕೀಂ ಎಂದಿತು. ಮತ್ತೆ ಒತ್ತಿದಳು, ಮತ್ತೆ ಕೀಂ. ವ್ಯಕ್ತಿ ಪತ್ತೆಯಾಗಿಲ್ಲ.

ಬೆಳೆಸಿದ ಚರ್ಮದ ಮೇಲೆ ಗೆರೆಗಳಿರುವುದಿಲ್ಲ. ಅವಳ ಹೆಬ್ಬೆರಳು ಮಗುವಿನ ಕೆನ್ನೆಯ ಹಾಗೆ ನುಣ್ಣಗಿತ್ತು.

"ಯಂತ್ರ ತಗೊಳ್ತಿಲ್ಲ. ಹೇಳಿಕೆ ದಾಖಲಾಗಲ್ಲ," ಎಂದರು ಕಾನೂನಿನವರು, ಪಾಪ, ತಮ್ಮದೇ ತಪ್ಪು ಎನ್ನುವ ಹಾಗೆ.

ಮಾಬೂಬಿ ಕೈಯನ್ನು ಅವರ ಮುಖದ ಮುಂದೆ ಚಾಚಿದಳು. ಐದೂ ಬೆರಳು ಅಗಲಿಸಿದಳು, ಮಡಚಿದಳು, ಮತ್ತೆ ಅಗಲಿಸಿದಳು. "ಒಂದು ಯಂತ್ರಕ್ಕೆ ಈ ಕೈ ಸತ್ತೈತೆ ಅಂತ ಗೊತ್ತಾಗ್ಲಿಲ್ಲ. ಇನ್ನೊಂದಕ್ಕೆ ಬದುಕೈತೆ ಅಂತ ಗೊತ್ತಾಗ್ತಿಲ್ಲ. ನಾ ಇಲ್ಲೇ ನಿಂತೀನಲ್ರೀ ಸಾಹೇಬ್ರೆ, ನಿಮಗೂ ಕಾಣಲ್ಲೇನು? ಪೆನ್ ಕೊಡ್ರಿ."

ಅಧ್ಯಕ್ಷರು ಪಕ್ಕಕ್ಕೆ ನೋಡಿದರು. ಅನಘಾ ಎದ್ದು ಬಂದು ತಮ್ಮ ಪೆನ್ನನ್ನು ಅವಳ ಬೆರಳುಗಳ ನಡುವೆ ಇಟ್ಟರು. ಮಾಬೂಬಿ ಕೂರಲಿಲ್ಲ, ಬಗ್ಗಿ ನಿಂತೇ ಒಂದೊಂದೇ ಅಕ್ಷರ ಬರೆದಳು. ಶಾಲೆಗೆ ನಾಲ್ಕನೇ ಕ್ಲಾಸಿನವರೆಗೆ ಹೋದವಳು. 'ಮಾ' ಬರೆಯುವಾಗ ನಾಲಿಗೆ ಕಚ್ಚಿಕೊಂಡಳು. ಎಷ್ಟು ಒತ್ತಿ ಬರೆದಳೆಂದರೆ ಕೆಳಗಿನ ಎರಡು ಹಾಳೆಗಳಲ್ಲೂ ಹೆಸರು ಮೂಡಿತು.

ಅನಘಾ ಆ ಹೆಸರನ್ನು ನೋಡುತ್ತಾ ನಿಂತರು. ಆಮೇಲೆ ನಾನು ಬರೆದ ಪಟ್ಟಿಯನ್ನು ಕೈಗೆ ತೆಗೆದುಕೊಂಡರು. "ಈ ಹನ್ನೊಂದು ಜನ ಎಲ್ಲಿದ್ದಾರೆ ಸಿಸ್ಟರ್?"

"ಹೊರಗೆ ಬೆಂಚಿನ ಮೇಲೆ. ಬೆಳಗ್ಗೆ ರೈಲಿಗೆ ಕರ್ಕೊಂಡ್ ಬಂದೀನಿ."

"ಅವರ ಕೈ ನೋಡ್ಬೇಕು, ಎಲ್ಲೆಲ್ಲಿ ಇನ್ನೂ ಜೀವ ಇದೆ ಅಂತ," ಎಂದರು. ಅಧ್ಯಕ್ಷರು ಇದು ಕಾರ್ಯಸೂಚಿಯಲ್ಲಿಲ್ಲ ಎನ್ನತೊಡಗಿದರು. "ನಾನೇ ಬರೆದ ನಿಯಮ ಸರ್, ಮನುಷ್ಯರ ಕೈ ಬೇಡ ಅಂತ. ನೋಡೋ ಕೆಲಸ ನನ್ನದೇ," ಎಂದರು ಅನಘಾ. ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು, "ಸೂಜಿ ತಂದಿದ್ದೀರಾ?"

ತಂದಿದ್ದೆ. ಹನ್ನೊಂದು ಹೊಸ ಸೂಜಿ, ಪೊಟ್ಟಣ ಒಡೆಯದ್ದು. ಮೇಜಿನ ಮೇಲೆ, ಚಪ್ಪಲಿಯ ಚೀಲದ ಪಕ್ಕದಲ್ಲಿ ಇಟ್ಟೆ. ಬರಿಗಾಲಲ್ಲೇ ಹೋಗಿ ಬಾಗಿಲು ತೆರೆದೆ. ಬೆಂಚಿನ ತುದಿಯಲ್ಲಿ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದವಳು ತಲೆ ಎತ್ತಿದಳು.

"ಕೆಂಚಮ್ಮಾ, ಸೆರಗು ತೆಗಿ," ಎಂದೆ. "ನಿನ್ನಿಂದಾನೇ ಶುರು."